ಆನಿಮೆ ನೋಡಲೆಳಸುವ ಗೃಹಸ್ಥರಿಗೆ

ಹೊಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಸಿಂಗಸಂದ್ರದಲ್ಲಿ ಈಚೆಗೆ ಎಷ್ಟೋ ಮನೆಗಳಲ್ಲಿ ಸಾಯಂಕಾಲದ ದೀಪ ಹಚ್ಚುವ ಹೊತ್ತಿಗೆ ಕೇಳಿಬರುವ ಭಾಷೆ ಕನ್ನಡವೂ ಅಲ್ಲ, ಇಂಗ್ಲೀಷೂ ಅಲ್ಲ, ಜಪಾನೀ ಭಾಷೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮುಗಿಸಿ ಬಂದ ತರುಣನೋ, ಕಾಲೇಜಿಗೆ ಹೋಗುವ ಹುಡುಗಿಯೋ ಕೋಣೆಯಲ್ಲಿ ಕುಳಿತು ಆ ದೇಶದ ಚಿತ್ರಕಾರರು ಬರೆದು ಚಲಿಸುವಂತೆ ಮಾಡಿದ ಕಥೆಗಳನ್ನು ನೋಡುತ್ತಿರುವರು. 2025ನೆಯ ಇಸವಿ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ರೈಲು ನಮ್ಮೂರಿಗೆ ಬಂದ ತರುವಾಯ, ನಿಂತು ಪ್ರಯಾಣ ಮಾಡುವವರ ಕೈಯ ಮೊಬೈಲುಗಳಲ್ಲಿಯೂ ಅವೇ ದೊಡ್ಡ ಕಣ್ಣಿನ ಮುಖಗಳು. ಇವಕ್ಕೆ ‘ಆನಿಮೆ’ ಎಂದು ಹೆಸರು. ಮನೆಯ ಹಿರಿಯರು ಇದನ್ನು ‘ಬೊಂಬೆಯಾಟ’ವೆಂದು ಕರೆದು ಸುಮ್ಮನಾಗುವುದುಂಟು. ಸುಮ್ಮನಾಗುವುದರಿಂದ ಒಂದು ನಷ್ಟವಿದೆ: ಮಕ್ಕಳು ದಿನಕ್ಕೆ ಎರಡು ಗಂಟೆ ಯಾವ ಲೋಕದಲ್ಲಿರುವರೋ ಆ ಲೋಕದ ಬಾಗಿಲಲ್ಲಿಯೇ ತಂದೆತಾಯಿಗಳು ನಿಂತುಹೋಗುವರು.

ನೆರೆಮನೆಯ ಗೃಹಸ್ಥರೊಬ್ಬರು ಒಂದು ದಿನ ಕೇಳಿದರು: “ಮೇಷ್ಟ್ರೇ, ಊಟಕ್ಕೆ ಕೂತರೆ ನಮ್ಮ ಹುಡುಗ ಆಡೋದೆಲ್ಲ ಆ ಜಪಾನಿನ ಕಥೆಗಳ ಮಾತೇ. ನಾನೂ ಅವನ ಜೊತೆ ಒಂದು ರಾತ್ರಿ ಕೂತು ನೋಡಿದೆ. ತಲೆಬುಡ ತಿಳೀಲಿಲ್ಲ. ಎಲ್ಲಿಂದ ಶುರುಮಾಡಬೇಕು?” ವಿಚಾರಿಸಲಾಗಿ, ಅವರ ಮಗನು ನೋಡುತ್ತಿದ್ದುದು 1999ರಲ್ಲಿ ಆರಂಭವಾಗಿ ಇನ್ನೂ ಮುಗಿಯದಿರುವ ‘ಒನ್ ಪೀಸ್’ ಎಂಬ ಮಾಲೆಯ ಸಾವಿರದಾಚೆಯ ಕಂತು. ಮಹಾಭಾರತವನ್ನು ಎಂದೂ ಕೇಳದವನನ್ನು ದ್ರೋಣಪರ್ವದ ನಡುವೆ ಕೂರಿಸಿ ಗಮಕ ಕೇಳೆಂದರೆ ಅವನ ಗತಿ ಏನಾಗುವುದೋ ಇವರದೂ ಅದೇ ಆಗಿತ್ತು. ಅಂತಹವರಿಗಾಗಿಯೇ ಈ ಲೇಖನ. ಮೆಚ್ಚಿದವರು ಮೊದಲು ತೋರಿಸುವುದು ತಮಗೆ ಈಗ ಪ್ರಿಯವಾದುದನ್ನು. ಹೊಸಬರಿಗೆ ಬೇಕಾದುದು ತಮ್ಮ ಬಾಳಿಗೆ ಸಮೀಪವಾದುದು.

ಮೊದಲು ಈ ಕಲೆಯ ಸ್ವರೂಪವನ್ನು ಸ್ವಲ್ಪ ತಿಳಿಯತಕ್ಕದ್ದು. ಆನಿಮೆ ಎಂಬುದು ಇಂಗ್ಲೀಷಿನ ‘ಆನಿಮೇಷನ್’ ಎಂಬ ಮಾತನ್ನು ಜಪಾನಿಗರು ಮೊಟಕುಮಾಡಿಕೊಂಡ ರೂಪ. ಒತ್ಸುಕ ಪಟ್ಟಣದ ಹೆಸರೋ ಮುನಿಯ ಹೆಸರೋ ಎಂದು ಊಹಿಸಬೇಕಾದುದಿಲ್ಲ. ತೆಜುಕಾ ಒಸಾಮು ಎಂಬ ಚಿತ್ರಕಾರನು 1963ನೆಯ ಇಸವಿ ಜನವರಿ 1ನೆಯ ತಾರೀಖು ‘ತೆತ್ಸುವಾನ್ ಆತೊಮು’ ಎಂಬ ಯಂತ್ರಬಾಲಕನ ಕಥೆಯನ್ನು ಜಪಾನಿನ ಟೆಲಿವಿಷನ್ನಿನಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸಲಾರಂಭಿಸಿದನು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟಕ್ಕೂ ಬೇರೆಬೇರೆ ಚಿತ್ರ ಬರೆಯುವುದಾದರೆ ವಾರಕ್ಕೊಂದು ಕಂತು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಒಂದೊಂದು ಚಿತ್ರವನ್ನು ಮೂರು ಮೂರು ಚೌಕಟ್ಟುಗಳಿಗೆ ನಿಲ್ಲಿಸಿ, ಸೆಕೆಂಡಿಗೆ ಎಂಟರಲ್ಲಿಯೇ ಪೂರೈಸುವ ಉಪಾಯವನ್ನು ಅವನು ಹಿಡಿದನು. ಎಷ್ಟೋ ಕಡೆ ಮುಖವನ್ನು ಸ್ಥಿರವಾಗಿಟ್ಟು ಬಾಯನ್ನು ಮಾತ್ರ ಆಡಿಸಿದನು. ಬಡತನದಿಂದ ಹುಟ್ಟಿದ ಈ ಮಿತವ್ಯಯವೇ ಮುಂದೆ ಒಂದು ಶೈಲಿಯಾಯಿತು. ಕದಲದ ಮುಖ, ಗಾಳಿಗೆ ಅಲುಗುವ ಒಂದು ಎಳೆ ಕೂದಲು, ಕಿಟಕಿಯಾಚೆ ಮಳೆ — ಇಷ್ಟರಲ್ಲಿಯೇ ಭಾವವನ್ನು ನಿಲ್ಲಿಸುವುದನ್ನು ಅವರು ಕಲಿತರು. ನಮ್ಮ ತೊಗಲುಬೊಂಬೆಯವನು ಒಂದು ಕೈ ಮಾತ್ರ ಆಡುವ ಬೊಂಬೆಯಿಂದ ಸೀತೆಯ ದುಃಖವನ್ನು ತೋರಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೀತೆಯ ಹೆಸರು ಬಂದುದರಿಂದ ಒಂದು ಚಿತ್ರದ ವಿಷಯವನ್ನು ಇಲ್ಲಿಯೇ ಹೇಳಿಬಿಡುವೆವು. ಯೂಗೊ ಸಾಕೋ ಎಂಬ ಜಪಾನೀ ಮಹನೀಯನು 1983ರಲ್ಲಿ ರಾಮಾಯಣಕ್ಕೆ ಸಂಬಂಧಿಸಿದ ಸ್ಥಳಗಳ ಉತ್ಖನನವನ್ನು ಕುರಿತ ಸಾಕ್ಷ್ಯಚಿತ್ರಕ್ಕಾಗಿ ನಮ್ಮ ದೇಶಕ್ಕೆ ಬಂದವನು, ಆ ಕಥೆಯಲ್ಲಿಯೇ ಮನಸ್ಸು ಸೋತು, ಅದನ್ನು ಬರೆದ ಚಿತ್ರಗಳಲ್ಲಿ ತೋರಿಸಬೇಕೆಂದು ಹಟಹಿಡಿದನು. ನಟರು ರಾಮನ ವೇಷ ಹಾಕಿದರೆ ಮನುಷ್ಯನೇ ಕಾಣುವನು. ಬರೆದ ರಾಮನಲ್ಲಿ ದೇವತ್ವವೂ ನಿಲ್ಲಬಲ್ಲದು ಎಂಬುದು ಒಪ್ಪತಕ್ಕ ಮಾತೇ ಸರಿ. ನಮ್ಮವರಾದ ರಾಮಮೋಹನರೂ ಜಪಾನಿನ ಕೋಯಿಚಿ ಸಾಸಾಕಿಯೂ ಅವನೊಡನೆ ಸೇರಿ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಎಂಬ ಚಿತ್ರವನ್ನು ಮುಗಿಸಿದರು. ಸಂಗೀತ ವನರಾಜ ಭಾಟಿಯಾ ಅವರದು; ಇಂಗ್ಲೀಷ್ ಮಾತಿನ ಮೂಲಪ್ರತಿಯಲ್ಲಿ ಹಾಡುಗಳು ಸಂಸ್ಕೃತದಲ್ಲಿರುವುದು ಸಂಸ್ಕೃತ ಬಲ್ಲವರ ಕಿವಿಗೆ ಹಬ್ಬ. 1990ರ ದಶಕದ ಮೊದಲಲ್ಲಿ ಸಿದ್ಧವಾದ ಈ ಚಿತ್ರವು ಭಾರತದ ಚಿತ್ರಮಂದಿರಗಳಲ್ಲಿ ಆಗ ವ್ಯಾಪಕವಾಗಿ ಬರಲಿಲ್ಲ. ಮಕ್ಕಳು ಅದನ್ನು ಟೆಲಿವಿಷನ್ನಿನಲ್ಲಿ ಕಂಡರು. ಸಾಕೋ 2012ರಲ್ಲಿ ತೀರಿಕೊಂಡನು. ಹೊಸದಾಗಿ ಶುಚಿಮಾಡಿದ ಪ್ರತಿಯು 2025ನೆಯ ಜನವರಿ 24ರಂದು ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಮನೆಯಲ್ಲಿ ‘ನನಗೆ ಈ ಜಪಾನಿನದೆಲ್ಲ ಬೇಡಪ್ಪ’ ಎನ್ನುವ ಅಜ್ಜಿಯಿದ್ದರೆ ಮೊದಲು ಇದನ್ನೇ ತೋರಿಸಿರಿ. ಕಥೆ ಅವರಿಗೇ ಗೊತ್ತಿರುವುದರಿಂದ, ತಿಳಿಸಿಹೇಳುವ ಅಧಿಕಾರ ಅವರದಾಗುವುದು, ಕೇಳುವ ಪಾಳಿ ಮೊಮ್ಮಕ್ಕಳದಾಗುವುದು.

ಆಮೇಲೆ, ನೂರು ಕಂತುಗಳ ಗೋಜಿಗೆ ಹೋಗದೆ, ಒಂದೇ ಕೂರುವಿಕೆಯಲ್ಲಿ ಮುಗಿಯುವ ಚಿತ್ರ. ಹಯಾವೊ ಮಿಯಾಝಾಕಿಯ ‘ನನ್ನ ನೆರೆಯ ತೊತೊರೊ’ 1988ರದು. ಒಂದೂವರೆ ಗಂಟೆಯೂ ಹಿಡಿಯದು. ತಾಯಿ ಆಸ್ಪತ್ರೆಯಲ್ಲಿರುವಾಗ ತಂದೆಯೊಡನೆ ಹಳ್ಳಿಯ ಮನೆಗೆ ಬಂದ ಅಕ್ಕತಂಗಿಯರು, ಆ ಊರಿನ ಹಿರಿಯ ಕರ್ಪೂರದ ಮರದಲ್ಲಿ ವಾಸವಾಗಿರುವ ಒಂದು ದೊಡ್ಡ ಮೃದುವಾದ ವನಸತ್ತ್ವವನ್ನು ಕಾಣುವರು. ಇದರಲ್ಲಿ ಖಳನಿಲ್ಲ, ಯುದ್ಧವಿಲ್ಲ. ತಾಯಿಗೆ ಏನಾಗುವುದೋ ಎಂಬ ಮಕ್ಕಳ ಭಯವೊಂದೇ ಕಥೆಯನ್ನು ಹಿಡಿದು ನಡೆಸುವುದು. ಅಶ್ವತ್ಥಕಟ್ಟೆಗೆ ಕೈಮುಗಿದು ಬೆಳೆದವರಿಗೆ ಆ ಮರವನ್ನು ಯಾರೂ ವಿವರಿಸಬೇಕಾದುದಿಲ್ಲ. ಇದೇ ವರ್ಷ, ಇದೇ ದಿನ, ಇದೇ ಜಿಬ್ಲಿ ಶಾಲೆಯಿಂದ ಇಸಾವೊ ತಕಾಹಾತನ ‘ಮಿಂಚುಹುಳುಗಳ ಸಮಾಧಿ’ಯೂ ಹೊರಬಂದಿತು. 1945ರಲ್ಲಿ ಕೋಬೆ ಪಟ್ಟಣದ ಮೇಲೆ ಬಾಂಬು ಬಿದ್ದಾಗ ಅನಾಥರಾದ ಅಣ್ಣತಂಗಿಯರ ಕಥೆ. ಕರುಣವೇ ಎಲ್ಲ ರಸಗಳ ಮೂಲವೆಂದು ನಂಬಿದ ಭವಭೂತಿಯು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದನು. ಆದರೆ ಬರೆದ ಚಿತ್ರವೆಂಬ ಮಾತ್ರಕ್ಕೆ ಇದನ್ನು ಎಳೆಯ ಮಕ್ಕಳ ಮುಂದೆ ಹಾಕಿ ಅಡಿಗೆಮನೆಗೆ ಹೋಗಬಾರದು. ಹಿರಿಯರು ಮೊದಲು ತಾವು ನೋಡಿ, ಮನೆಯಲ್ಲಿ ಈಚೆಗೆ ಸಾವು ಸಂಭವಿಸಿದ್ದರೆ ಕೆಲವು ಕಾಲ ಬಿಡುವುದು ಒಳ್ಳೆಯದು.

ಮಾಲೆಗಳಿಗೆ ಬರುವ. ಸಾಮಾನ್ಯವಾಗಿ ಒಂದು ಕಂತು 24 ನಿಮಿಷ. ಹನ್ನೆರಡು ಕಂತಿನ ಮಾಲೆಗೆ ಐದು ಗಂಟೆ, ಇಪ್ಪತ್ತೈದರದಕ್ಕೆ ಹತ್ತು. ಈ ಲೆಕ್ಕವನ್ನು ಗೃಹಸ್ಥರು ಮೊದಲೇ ಹಾಕಿಕೊಂಡರೆ ನಿದ್ರೆಗೆ ಭಂಗವಿಲ್ಲ.

ಉಪಾಧ್ಯಾಯ ವೃತ್ತಿಯಲ್ಲಿದ್ದವರಿಗೆ, ಅಥವಾ ಮಗನ ಉದ್ಯೋಗದ ಚಿಂತೆಯಲ್ಲಿರುವವರಿಗೆ, ನಾವು ಮೊದಲು ಹೇಳುವುದು ‘ಬರಕಮೊನ್’. 2014ರದು, ಹನ್ನೆರಡೇ ಕಂತು. ಹಂಡ ಎಂಬ ತರುಣನು ಕುಂಚದಿಂದ ಅಕ್ಷರ ಬರೆಯುವ ಕಲೆಯಲ್ಲಿ ನಿಷ್ಣಾತ. ಅವನ ಬರಹವು ಪಾಠಪುಸ್ತಕದಂತಿದೆ, ಜೀವವಿಲ್ಲವೆಂದು ಒಬ್ಬ ಮುದುಕರು ಹೇಳಿದಾಗ ಅವರಿಗೆ ಗುದ್ದಿಬಿಡುವನು. ತಂದೆಯು ಅವನನ್ನು ನಾಗಸಾಕಿ ಪ್ರಾಂತದ ಗೋಟೊ ದ್ವೀಪಕ್ಕೆ ಕಳುಹಿಸುವನು. ಅಲ್ಲಿ ನರು ಎಂಬ ತುಂಟ ಹುಡುಗಿಯೂ ಊರ ಮುದುಕಿಯರೂ ಅವನನ್ನು ತಿದ್ದುವ ಬಗೆಯು ಬಲು ಸೊಗಸು, ನಗುವಿಗೂ ಕೊರತೆಯಿಲ್ಲ. ತಪ್ಪಿಲ್ಲದೆ ಬರೆಯುವುದೊಂದು, ತನ್ನದಾಗಿ ಬರೆಯುವುದೊಂದು. ಮಕ್ಕಳ ಕಾಪಿಪುಸ್ತಕಗಳನ್ನು ನಲವತ್ತು ವರ್ಷ ತಿದ್ದಿದವರು ಇದನ್ನು ಕಂಡು ಸ್ವಲ್ಪ ಯೋಚಿಸಬೇಕಾಗುವುದು.

ಇನ್ನು ನಮಗೆ ಅತ್ಯಂತ ಪ್ರಿಯವಾದುದು ‘ಚಿಹಾಯಾಫುರು’; ಮೊದಲ ಭಾಗ 2011ರಲ್ಲಿ ಆರಂಭವಾದುದು, 25 ಕಂತು. ಇದರ ವಸ್ತುವನ್ನು ಕೇಳಿದರೆ ನಮ್ಮ ಓದುಗರು ನಂಬಲಾರರು. ಫುಜಿವಾರ ತೆಯಿಕಾ ಎಂಬ ಕವಿಯು 13ನೆಯ ಶತಮಾನದಲ್ಲಿ ನೂರು ಕವಿಗಳಿಂದ ಒಂದೊಂದು ಪದ್ಯವನ್ನು ಆರಿಸಿ ಸಂಗ್ರಹಿಸಿದನೆಂದು ಪ್ರತೀತಿ. ಆ ಪದ್ಯಗಳ ಉತ್ತರಾರ್ಧವನ್ನು ಮಾತ್ರ ಬರೆದ ಎಲೆಗಳನ್ನು ಚಾಪೆಯ ಮೇಲೆ ಹರಡಿ, ಇಬ್ಬರು ಎದುರೆದುರು ಮೊಣಕಾಲೂರಿ ಕೂರುವರು. ತಲೆಗೆ 25 ಎಲೆ. ಪಾಠಕನು ಪದ್ಯದ ಪೂರ್ವಾರ್ಧವನ್ನು ರಾಗವಾಗಿ ಓದತೊಡಗುವನು. ಯಾರು ಮೊದಲ ಅಕ್ಷರದಲ್ಲಿಯೇ ಪದ್ಯವನ್ನು ಗುರುತಿಸಿ ಅದರ ಎಲೆಯನ್ನು ಹೊಡೆದು ಹಾರಿಸುವರೋ ಅವರಿಗೆ ಆ ಎಲೆ. ಓದದೆ ಬಿಟ್ಟ ಪದ್ಯಗಳೂ ಇರುವುದರಿಂದ ಸುಮ್ಮನೆ ಕೈ ಬೀಸುವಂತಿಲ್ಲ. ಇದಕ್ಕೆ ಕಾರುತ ಎನ್ನುವರು. ಅಮರಕೋಶವನ್ನೂ ರಘುವಂಶವನ್ನೂ ಬಾಯಿಪಾಠ ಮಾಡಿದ ನಮ್ಮ ಪೀಳಿಗೆಯವರಿಗೆ, ಬಾಯಿಪಾಠವು ಓಟದಂತೆಯೂ ಕುಸ್ತಿಯಂತೆಯೂ ಮೈ ಬೆವರಿಸುವ ಆಟವಾಗಬಲ್ಲದೆಂಬುದು ಹೊಸ ಸಂಗತಿ. ಅಕ್ಕನ ಕೀರ್ತಿಯನ್ನೇ ತನ್ನ ಕನಸೆಂದು ತಿಳಿದಿದ್ದ ಚಿಹಾಯಾ ಎಂಬ ಬಾಲಿಕೆಗೆ, ನಿನ್ನ ಕನಸು ನಿನ್ನದಾಗಿರಬೇಕೆಂದು ತೋರಿಸಿಕೊಟ್ಟವನು ಬಡವನಾದ, ಹಳ್ಳಿಯ ಮಾತನಾಡುವ ಸಹಪಾಠಿ ಅರತ. ಆಟದ ವೇಗದ ನಡುವೆಯೂ ಪದ್ಯಗಳ ಅರ್ಥವನ್ನು ಬಿಡದೆ ಹಿಡಿಯುವ ಗೆಳತಿಯೊಬ್ಬಳೂ ತಂಡದಲ್ಲಿದ್ದಾಳೆ. ಅರ್ಥವಿಲ್ಲದ ಬಾಯಿಪಾಠದ ಆಕ್ಷೇಪಣೆಗೆ ಕಥೆಗಾರ್ತಿಯು ಕೊಟ್ಟ ಉತ್ತರ ಅವಳೇ. ನಮ್ಮ ಅಂತ್ಯಾಕ್ಷರಿಯನ್ನು ಇಷ್ಟು ಪ್ರೀತಿಯಿಂದ ಯಾರಾದರೂ ಚಿತ್ರಿಸಿದ್ದಾರೆಯೇ?

‘ಮುಶಿಶಿ’ 2005ರದು, 26 ಕಂತುಗಳು, ಒಂದೊಂದೂ ಬಿಡಿಕಥೆ. ರಾತ್ರಿ ಒಂದೇ ಕಂತು ಸಾಕು. ಮನುಷ್ಯರಿಗೆ ಕಾಣದ ಸೂಕ್ಷ್ಮಜೀವಿಗಳಿಂದ ಪೀಡಿತರಾದವರಿಗೆ ಚಿಕಿತ್ಸೆ ಮಾಡುತ್ತ ಊರೂರು ಅಲೆಯುವ ಗಿಂಕೊ ಎಂಬವನು, ಆ ಜೀವಿಗಳನ್ನು ದ್ವೇಷಿಸದಿರುವುದೇ ಇದರ ವಿಶೇಷ.

ಹದಿಮೂರು ದಾಟಿದ ಮಕ್ಕಳೊಡನೆ ಕೂತು ನೋಡಲು ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಇದೆ. ಇದೇ ಕಥೆಗೆ 2003ರ ಒಂದು ಮಾಲೆಯೂ ಉಂಟು, ಮೂಲ ಚಿತ್ರಕಥೆಯನ್ನು ಕೊನೆಯವರೆಗೆ ಅನುಸರಿಸಿದುದು 2009–10ರ 64 ಕಂತುಗಳದು, ಅದನ್ನೇ ಆರಿಸತಕ್ಕದ್ದು. ಬರೆದವಳು ಹೊಕ್ಕೈದೊ ದ್ವೀಪದ ಹೈನುಗಾರರ ಮಗಳು ಅರಕಾವಾ ಹಿರೊಮು. ತೀರಿಹೋದ ತಾಯಿಯನ್ನು ರಸವಾದದ ಬಲದಿಂದ ಮರಳಿ ತರಲು ಹೋದ ಇಬ್ಬರು ಹುಡುಗರಲ್ಲಿ ಅಣ್ಣನು ಒಂದು ಕೈಯನ್ನೂ ಒಂದು ಕಾಲನ್ನೂ, ತಮ್ಮನು ಇಡೀ ದೇಹವನ್ನೂ ಕಳೆದುಕೊಳ್ಳುವರು. ಒಂದನ್ನು ಪಡೆಯಲು ಸಮಾನವಾದುದೊಂದನ್ನು ತೆರಬೇಕೆಂಬುದು ಅಲ್ಲಿಯ ರಸವಾದದ ನಿಯಮ. ಆ ನಿಯಮ ತಾಯಿಯ ವಿಷಯದಲ್ಲಿ ಏಕೆ ನಿಲ್ಲದೆಂಬುದನ್ನು ಕಥೆ ನಿಧಾನವಾಗಿ ಬಿಚ್ಚುವುದು. ಕೆಲವು ದೃಶ್ಯಗಳು ಭಯಂಕರ. ಮುಖ್ಯವಾಗಿ ನಾಲ್ಕನೆಯ ಕಂತನ್ನು ಮಕ್ಕಳು ಒಬ್ಬರೇ ನೋಡದಿರಲಿ.

ವಯಸ್ಸಾದವರಿಗೆ ನಮ್ಮ ಸೂಚನೆ ‘ಫ್ರೀರೆನ್’. 2023ರಲ್ಲಿ ಬಂದ ಮೊದಲ ಭಾಗ 28 ಕಂತು. ಸಾಮಾನ್ಯ ಕಥೆಗಳು ಮುಗಿಯುವಲ್ಲಿ ಇದು ಆರಂಭವಾಗುವುದು. ದೈತ್ಯರಾಜನನ್ನು ಕೊಂದು ನಾಲ್ವರು ವೀರರು ಊರಿಗೆ ಮರಳಿದ್ದಾರೆ. ಅವರಲ್ಲಿ ಫ್ರೀರೆನ್ ಸಾವಿರ ವರ್ಷ ಬದುಕುವ ಕುಲದವಳು. ಹತ್ತು ವರ್ಷದ ಒಡನಾಟ ಅವಳಿಗೆ ಒಂದು ಮಧ್ಯಾಹ್ನದಷ್ಟು. ಐವತ್ತು ವರ್ಷ ಕಳೆದು ಬಂದಾಗ ನಾಯಕನು ಮುದುಕನಾಗಿ ಸಾಯುವನು. ಅವನನ್ನು ಅರಿಯಲು ತಾನೇಕೆ ಯತ್ನಿಸಲಿಲ್ಲವೆಂದು ಅವಳು ಸಂಸ್ಕಾರದ ದಿನ ಅಳುವಳು. ಉಳಿದುದೆಲ್ಲ ಆ ಹಳೆಯ ದಾರಿಯಲ್ಲಿ ಮತ್ತೆ ನಡೆಯುವ ಪ್ರಯಾಣ.

‘ಡೆತ್ ನೋಟ್’, ‘ಅಟಾಕ್ ಆನ್ ಟೈಟನ್’ ಇವುಗಳನ್ನು ತರುಣರು ಮೊದಲು ಹೊಗಳುವರು. ಚಾತುರ್ಯವುಳ್ಳವೇ ಸರಿ, ರಕ್ತವೂ ಕ್ರೌರ್ಯವೂ ಹೆಚ್ಚು. ಹೊಸಬರು ಆರು ತಿಂಗಳ ತರುವಾಯ ನೋಡಿದರೆ ಸಾಕು. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಭಾಷೆಯ ಮಾತು ಉಳಿಯಿತು. ರಾಮಾಯಣದ ಚಿತ್ರವು 2025ರಲ್ಲಿ ಹಿಂದೀ, ತಮಿಳು, ತೆಲುಗು, ಇಂಗ್ಲೀಷುಗಳಲ್ಲಿ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಮಾಲೆಯ ದೊಡ್ಡ ಚಿತ್ರ ಬಂದಾಗಲೂ ತಮಿಳು ತೆಲುಗುಗಳಿದ್ದುವು, ಕನ್ನಡವಿರಲಿಲ್ಲ. ಇದಕ್ಕೆ ಜಪಾನಿಗರನ್ನು ದೂರಿ ಫಲವಿಲ್ಲ. ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಬಾರದೆಂದು 1960ರ ದಶಕದಿಂದ ನಾವೇ ಕಟ್ಟಿದ ತಡೆಗೋಡೆಯನ್ನು 2015ರಲ್ಲಿ ಸ್ಪರ್ಧಾ ಆಯೋಗವು ನ್ಯಾಯವಲ್ಲವೆಂದು ತೀರ್ಮಾನಿಸಿತು. ನಮ್ಮ ಚಿತ್ರೋದ್ಯಮವನ್ನು ಉಳಿಸಿಕೊಳ್ಳಲು ಆ ಗೋಡೆ ಒಂದು ಕಾಲದಲ್ಲಿ ಬೇಕಾಗಿದ್ದಿರಬಹುದು. ಆದರೆ ಅದರ ನೆರಳಿನಲ್ಲಿ ಬೆಳೆದ ಎಷ್ಟೋ ಕನ್ನಡದ ಮಕ್ಕಳು ಡೋರೆಮಾನನಿಂದ ಹಿಂದಿಯನ್ನು ಕಲಿತರು. 2019ರಲ್ಲಿ ಮಕೊಟೊ ಶಿಂಕಾಯಿಯ ‘ವೆದರಿಂಗ್ ವಿತ್ ಯೂ’ ಚಿತ್ರವನ್ನು ಇಲ್ಲಿಯೂ ತೋರಿಸಬೇಕೆಂದು ಭಾರತದ ಸಾವಿರಾರು ರಸಿಕರು ಮನವಿಗೆ ಸಹಿಹಾಕಿದರು. ಅದೇ ಅಕ್ಟೋಬರಿನಲ್ಲಿ ಚಿತ್ರ ಬಂದಿತು. ಕನ್ನಡದ ಮಾತಿಗಾಗಿ ಅಂತಹುದೊಂದು ಮನವಿಯನ್ನು ಬರೆಯಲು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ತರುಣರಿಗೆ ಎಷ್ಟು ಹೊತ್ತು ಬೇಕು?

ಅಲ್ಲಿಯವರೆಗೆ ಜಪಾನೀ ಧ್ವನಿಯನ್ನೇ ಇಟ್ಟು ಅಡಿಬರಹ ಓದಿಕೊಳ್ಳುವುದು ಮೇಲು. ಮೂಲನಟರ ಕಂಠದಲ್ಲಿ ಅರ್ಧ ರಸವಿದೆ. ಆ ಭಾಷೆಯು ನಮಗೆ ತೀರ ಪರಕೀಯವೂ ಅಲ್ಲ. ಅವರ ಅಕ್ಷರಮಾಲೆಯು ಅ, ಇ, ಉ, ಎ, ಒ ಎಂದು ತೊಡಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುವುದು. ಬೌದ್ಧ ಭಿಕ್ಷುಗಳು ಸಿದ್ಧಮ್ ಲಿಪಿಯೊಡನೆ ಒಯ್ದ ಸಂಸ್ಕೃತ ವರ್ಣಕ್ರಮವೇ ಅದರ ಮೂಲ. ನಮ್ಮ ಸರಸ್ವತಿಯು ಅಲ್ಲಿ ಬೆಂಝಾಯಿತೆನ್ ಎಂಬ ಹೆಸರಿನಿಂದ ಇಂದಿಗೂ ಪೂಜೆಗೊಳ್ಳುತ್ತಿದ್ದಾಳೆ. ಅಡಿಬರಹದ ಇಂಗ್ಲೀಷು ಓಡುವ ವೇಗಕ್ಕೆ ಅಜ್ಜಿಯ ಕಣ್ಣು ನಿಲ್ಲದಿದ್ದರೆ, ಮೊಮ್ಮಗನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತ ಹೋಗಲಿ. ‘ತಡಿಯಪ್ಪ, ಅವಳು ಯಾಕೆ ಅತ್ತಳು?’ ಎಂದು ಅಜ್ಜಿ ಕೇಳಿದಾಗ ಚಿತ್ರವನ್ನು ನಿಲ್ಲಿಸುವ ಗುಂಡಿ ಅವನ ಕೈಯಲ್ಲಿಯೇ ಇದೆ.