ಕುದುರೆಗೆ ಈಜು ಬರುತ್ತದೆ, ಆದರೆ ಅಷ್ಟೇ ಸಾಲದು

‘ಕುದುರೆಗೆ ಹುಟ್ಟಿನಿಂದಲೇ ಈಜು ಗೊತ್ತು, ಬೆನ್ನ ಮೇಲೆ ಕೂತವರಿಗೆ ಭಯವಿಲ್ಲ.’

ಈ ನಂಬಿಕೆಯ ಮೊದಲರ್ಧ ಬಹುಮಟ್ಟಿಗೆ ಸರಿ. ಅಮೆರಿಕದ ವರ್ಜೀನಿಯಾದಲ್ಲಿ ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ಹೊತ್ತಿಗೆ ಒಂದು ಬುಧವಾರ ಆಸಟೀಗ್ ದ್ವೀಪದ ಪೋನಿಗಳ ಹಿಂಡು, ಮರಿಗಳೂ ಸೇರಿದಂತೆ, ಕಡಲಿನ ಕಿರಿದಾದ ಕವಲೊಂದನ್ನು ಈಜಿ ಶಿಂಕಟೀಗ್ ದ್ವೀಪ ಸೇರುತ್ತದೆ. 1925ರಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿಯ ಜನ ಭರತ ಇಳಿತಗಳ ನಡುವೆ ಸೆಳವು ನಿಲ್ಲುವ ಹೊತ್ತಿಗಾಗಿ ಕಾಯುತ್ತಾರೆ, ಆಮೇಲೆ ಹಿಂಡನ್ನು ನೀರಿಗಿಳಿಸುತ್ತಾರೆ. ಈಜುವ ಪೋನಿಗಳ ಬೆನ್ನ ಮೇಲೆ ಯಾರೂ ಇರುವುದಿಲ್ಲ.

ಬೆನ್ನ ಮೇಲೆ ಜನರಿದ್ದಾಗ ಏನಾಗಬಹುದು ಎಂಬುದಕ್ಕೆ 1879ರ ಮಾರ್ಚ್ 31ರ ರಾತ್ರಿಯೇ ಸಾಕ್ಷಿ. ಎರಡನೇ ಆಫ್ಘನ್ ಯುದ್ಧದ ಕಾಲ. ಜಲಾಲಾಬಾದ್ ಬಳಿ ಕಾಬೂಲ್ ನದಿಯನ್ನು ಬಂಗಾಳ ಲ್ಯಾನ್ಸರ್ಸ್ ತುಕಡಿ ಮೊದಲು ದಾಟಿತು. ಅವರ ಹಿಂದಿದ್ದ ಹೇಸರಗತ್ತೆಗಳು ಸೆಳವಿಗೆ ಸಿಕ್ಕಿ ಕೆಳಕ್ಕೆ ಸರಿದವು. ಅವುಗಳ ಹಿಂದೆಯೇ ಬಂದ ಬ್ರಿಟಿಷರ 10ನೇ ಹುಸ್ಸಾರ್ಸ್ ಸವಾರರು ಹೊಳೆ ಹಾಯುವ ಜಾಗ ಬಿಟ್ಟು ಮಡುವಿಗೆ ಇಳಿದರು. 47 ಮಂದಿ ಮುಳುಗಿ ಸತ್ತರು. ಸವಾರರಿಲ್ಲದ ಕುದುರೆಗಳು ಒದ್ದೆ ಮೈಯಲ್ಲಿ ಶಿಬಿರಕ್ಕೆ ಓಡಿ ಬಂದಾಗಲೇ ಅನಾಹುತದ ಸುದ್ದಿ ತಲುಪಿದ್ದು. ಸತ್ತವರು ಕುದುರೆ ಸವಾರಿಯನ್ನೇ ಕಸುಬಾಗಿಸಿಕೊಂಡಿದ್ದವರು. ಬೂಟು, ಕತ್ತಿ, ತೋಟಾಗಳ ಭಾರ ಅವರನ್ನು ಕೆಳಕ್ಕೆಳೆಯಿತು. ಸುತ್ತಲೂ ಹೆದರಿದ ಕುದುರೆಗಳ ಗೊರಸುಗಳಿದ್ದವು.

‘ಆಳ ಬಂದರೆ ಲಗಾಮು ಬಿಗಿ ಹಿಡಿಯಬೇಕು.’ ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಈಜುವ ಕುದುರೆಯ ಮೈಯೆಲ್ಲ ನೀರಿನೊಳಗಿರುತ್ತದೆ. ತಲೆ ಮತ್ತು ಕತ್ತಿನ ಒಂದಿಷ್ಟು ಭಾಗ ಮಾತ್ರ ಮೇಲೆ. ಗಾಬರಿಯಲ್ಲಿ ಲಗಾಮು ಜಗ್ಗಿದರೆ ಮೂತಿ ಮೇಲೆದ್ದು ಹಿಂಭಾಗ ಮುಳುಗುತ್ತದೆ. ಕುದುರೆ ಹಿಮ್ಮುಖವಾಗಿ ಸವಾರನ ಮೇಲೇ ಮಗುಚಬಹುದು. ಕಾಲು ನೆಲ ಬಿಟ್ಟಿತು ಅನಿಸಿದ ಕೂಡಲೇ ಲಗಾಮು ಸಡಿಲಿಸಿ ಜೂಲು ಹಿಡಿಯಬೇಕು. ಬೆನ್ನಿನಿಂದ ಪಕ್ಕಕ್ಕೆ ಜಾರಿ, ಮೈಯನ್ನು ನೀರಿನ ಮೇಲೆ ಚಾಚಿ, ಕಾಲುಗಳ ಹೊಡೆತಕ್ಕೆ ಸಿಗದಂತೆ ಅದರ ಜೊತೆ ಸಾಗಬೇಕು. ಇದೆಲ್ಲ ಸಾಧ್ಯವಾಗಬೇಕಾದರೆ ನೀರಿಗಿಳಿಯುವ ಮೊದಲೇ ಪಾದಗಳು ರಿಕಾಪಿನಿಂದ ಹೊರಗಿರಬೇಕು.

‘ಕಿವಿಗೆ ನೀರು ಹೊಕ್ಕರೆ ಕುದುರೆ ಸಾಯುತ್ತದೆ’ ಎನ್ನುವವರಿದ್ದಾರೆ. ಕಿವಿಗೆ ನೀರು ಹೋದರೆ ಕುದುರೆಗೆ ಕಿರಿಕಿರಿಯಾಗುತ್ತದೆ, ತಲೆ ಕೊಡವುತ್ತದೆ, ಅಷ್ಟೆ. ಪ್ರಾಣ ಇರುವುದು ಮೂಗಿನ ಹೊಳ್ಳೆಗಳಲ್ಲಿ. ನಮ್ಮಂತೆ ಬಾಯಿಂದ ಉಸಿರಾಡಲು ಕುದುರೆಗೆ ಆಗುವುದಿಲ್ಲ. ಹಾಗಾಗಿ ತಲೆ ಎತ್ತದಂತೆ ಮೂಗುಪಟ್ಟಿಯಿಂದ ಎದೆಯ ಕೆಳಗೆ ಬಿಗಿಯುವ ಮಾರ್ಟಿಂಗೇಲ್ ಪಟ್ಟಿ, ನೆಲದ ಮೇಲೆ ಎಷ್ಟೇ ಉಪಯೋಗಕ್ಕೆ ಬರಲಿ, ಈಜಬೇಕಾದ ನೀರಿನಲ್ಲಿ ನೇಣಾಗುತ್ತದೆ. ಎಷ್ಟು ಚೆನ್ನಾಗಿ ಈಜುವ ಕುದುರೆಯಾದರೂ ಹೊಳ್ಳೆ ಮೇಲೆತ್ತಲಾಗದೆ ಮುಳುಗುತ್ತದೆ. ಮೊಣಕಾಲುದ್ದದ ನೀರೇ ಆಗಿರಲಿ, ಇಳಿಯುವ ಮೊದಲು ಆ ಪಟ್ಟಿ ಬಿಚ್ಚಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೀರನ್ನು ಮುಂಗಾಲಿನಿಂದ ಬಡಿಯುತ್ತಿದ್ದರೆ ಕುದುರೆ ಖುಷಿಯಲ್ಲಿದೆ ಎಂದುಕೊಂಡು ಜನ ಫೋಟೊ ತೆಗೆಯುತ್ತಾರೆ. ಖುಷಿಯೂ ಇರಬಹುದು. ಆದರೆ ಅಲ್ಲೇ ಮಲಗಿ ಹೊರಳುವ ಮುನ್ನವೂ ಕುದುರೆ ಹೀಗೇ ಮಾಡುತ್ತದೆ. ಹಿಮ್ಮಡಿ ತಾಗಿಸಿ ಮುಂದಕ್ಕೆ ನಡೆಸುವುದೇ ಜಾಣತನ.

ಎಚ್ಚರಿಕೆಯೆಂದು ಹರಿವ ನೀರನ್ನೇ ದಿಟ್ಟಿಸುವುದೂ ತಪ್ಪು. ಕಣ್ಣು ಕತ್ತಲೆ ಬಂದು, ಗೊತ್ತಿಲ್ಲದೆಯೇ ದಾರಿ ಓರೆಯಾಗುತ್ತದೆ. ಆಚೆ ದಡದ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಂಡು ಅದರತ್ತಲೇ ನೋಡಬೇಕು. ಆ ಗುರುತು ಕಾಣದ ರಾತ್ರಿಯಲ್ಲಿ ಹೊಳೆ ದಾಟಲೇಬಾರದು.

‘ಬೆವೆತ ಕುದುರೆಗೆ ತಣ್ಣೀರು ತಾಗಿದರೆ ಸ್ನಾಯು ಹಿಡಿದುಕೊಳ್ಳುತ್ತದೆ’ ಎಂಬುದು ಲಾಯಗಳಲ್ಲಿ ಈಗಲೂ ಕೇಳುವ ಮಾತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ, ಅಲ್ಲಿಯ ಸೆಕೆಗೆ ಹೆದರಿ ನಡೆಸಿದ ಅಧ್ಯಯನಗಳಿಂದ ಬೇರೆಯದೇ ತಿಳಿಯಿತು: ಮೈತುಂಬ ತಣ್ಣೀರು ಸುರಿದರೆ ಕುದುರೆ ಬೇಗ ತಂಪಾಗುತ್ತದೆ, ಹಾನಿಯಿಲ್ಲ. ಹಾಗೆಂದು ದಣಿದ ಕುದುರೆಯನ್ನು ಈಜಿಗೆ ಇಳಿಸುವಂತಿಲ್ಲ. ಈಜು ಅದಕ್ಕೆ ವಿಶ್ರಾಂತಿಯಲ್ಲ, ಕಠಿಣ ದುಡಿಮೆ.

‘ನೀರು ಶಾಂತವಾಗಿದೆ, ಇಳಿಯಬಹುದು’ ಎಂಬ ಮಾತು ನಮ್ಮ ಹೊಳೆಗಳಲ್ಲಿ ಇನ್ನಷ್ಟು ಮೋಸದ್ದು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಎರಡು ಹೆಜ್ಜೆ ಹಿಂದೆ ಗೊರಸು ಮುಳುಗುವಷ್ಟಿದ್ದ ನೀರು ಹಠಾತ್ತನೆ ಬೆನ್ನು ದಾಟುತ್ತದೆ. ಕೆಸರಿನಲ್ಲಿ ಕಾಲು ಹೂತರಂತೂ ಕುದುರೆ ಒದ್ದಾಡಿ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಊರಿನ ಮೀನುಗಾರರನ್ನು ಕೇಳಿ, ಉದ್ದನೆಯ ಗಳುವಿನಿಂದ ತಳ ತಡವಿ ನೋಡಿ, ಇಳಿಯುವ ದಡದಷ್ಟೇ ಹತ್ತುವ ದಡವೂ ಇಳಿಜಾರಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸವಾರ ಲೈಫ್ ಜಾಕೆಟ್ ತೊಟ್ಟಿರಬೇಕು, ದಡದಲ್ಲಿ ಇನ್ನೊಬ್ಬರು ಹಗ್ಗ ಹಿಡಿದು ನಿಂತಿರಬೇಕು. ಆ ಹಗ್ಗವನ್ನು ಕುದುರೆಗಾಗಲಿ ಸವಾರನ ಮೈಗಾಗಲಿ ಮೊದಲೇ ಕಟ್ಟಿಡಬಾರದು.