ರಾಗಿ ಹೊಲದಂಚಿನ ಬೆಳಕು

ಮಾರ್ಗಶಿರದ ಬೆಳಗಿನಲ್ಲಿ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನ ಏರಿ ಹತ್ತಿದರೆ ನೀರೂ ಕಾಣದು, ಆಚೆ ದಡವೂ ಕಾಣದು. ನಂದಿಬೆಟ್ಟದ ಕಡೆಯಿಂದ ಹೊರಟ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳೆಯನ್ನೂ ಹೊತ್ತು ಇಲ್ಲಿಗೆ ಬರುತ್ತದೆ. ಮಂಜೆಲ್ಲಿ ಮುಗಿಯಿತು, ನೊರೆಯೆಲ್ಲಿ ಶುರುವಾಯಿತು ಎಂದು ಕಣ್ಣಿಗೇ ಗೊತ್ತಾಗದ ದಿನಗಳುಂಟು. ಕ್ಯಾಮೆರಾದ ಮೀಟರಂತೂ ಅಷ್ಟೂ ಬಿಳಿಯನ್ನು ಬೂದಿಬಣ್ಣಕ್ಕೆ ಇಳಿಸಿಬಿಡುತ್ತದೆ. ಒಂದು ಸ್ಟಾಪ್ ಬೆಳಕು ಏರಿಸಬೇಕು, ಆಗ ಮಂಜಿಗೆ ಅದರ ಬಿಳುಪು ಬರುತ್ತದೆ. ಬಿಸಿಲೇರಿ ನೀರು ಕಪ್ಪಗೆ ತೆರೆದುಕೊಂಡು, ಅಂಚಿನಲ್ಲಿ ಒಂಟಿ ಬೆಳ್ಳಕ್ಕಿ ಬಂದು ನಿಂತಿತೋ, ಲೆಕ್ಕ ತಿರುಗುಮುರುಗು. ಈಗ ಬೆಳಕು ಇಳಿಸದಿದ್ದರೆ ಗರಿಯ ಎಳೆಗಳೆಲ್ಲ ಅಳಿಸಿಹೋಗುತ್ತವೆ. ಎಷ್ಟು ದುಬಾರಿ ಕ್ಯಾಮೆರಾ ಕೊಂಡರೂ ಈ ಲೆಕ್ಕವನ್ನು ನಾವೇ ಕಲಿಯಬೇಕು.

ಊರ ಸುತ್ತಿನ ಗುಲಾಬಿ ಪಾಲಿಹೌಸ್‌ಗಳಲ್ಲಿ ಇನ್ನೊಂದು ಪಾಠ ಕಾದಿದೆ. ನೆತ್ತಿಯ ಬಿಸಿಲು ಪ್ಲಾಸ್ಟಿಕ್ ಚಾವಣಿಯಲ್ಲಿ ಸೋಸಿ, ಹೂ ಕತ್ತರಿಸುವ ಹೆಂಗಸರ ಕೆನ್ನೆಯ ಮೇಲೆ ನೆರಳಿಲ್ಲದೆ ಹರಡುತ್ತದೆ. ಸ್ಟುಡಿಯೋದವರು ಸಾವಿರಾರು ರೂಪಾಯಿ ಸುರಿದು ಕಟ್ಟುವ ಮೆತ್ತನೆಯ ಬೆಳಕು ಇಲ್ಲಿ ಪುಕ್ಕಟೆ! ಆ ಹೆಂಗಸರನ್ನು ಕೇಳಿ, ಅವರ ಕೆಲಸಕ್ಕೆ ಅಡ್ಡ ಬರದಂತೆ ನಿಂತರೆ ಐವತ್ತು ಮಿಲಿಮೀಟರಿನ ಪುಟ್ಟ ಲೆನ್ಸೇ ಸಾಕು. ಹತ್ತಿರ ಹೋಗುವ ಕೆಲಸ ಕಾಲಿನದು.

ಸಂಜೆಗೆ ತಳಿ ಊರಿನ ಕಡೆ. ಕೊಯ್ಲಿಗೆ ಬಂದ ರಾಗಿ, ನಡುನಡುವೆ ಅವರೆಯ ಸೊಗಡು, ಅಂಚಿನಲ್ಲಿ ಅಟ್ಟಣೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಇತ್ತ ಇಳಿಯುವ ಕಾಲವಿದು. ಆನೆಯೆಂದರೆ ನನಗೆ ನೆನಪಾಗುವುದು ಎಂ. ಕೃಷ್ಣನ್ (1912–1996). 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿದ್ದ ಈ ತಮಿಳು ನಿಸರ್ಗ ಲೇಖಕ, ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಜೋಡಿಸಿ ತಮಗೆ ಬೇಕಾದ ಕ್ಯಾಮೆರಾ ತಾವೇ ಮಾಡಿಕೊಂಡರು. ‘ಸೂಪರ್ ಪಾಂಡೆರೋಸಾ’ ಎಂದು ಅದಕ್ಕೊಂದು ಹೆಸರನ್ನೂ ಇಟ್ಟರು. ಕಾಡಾನೆಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದವರು ಅವರು. ಯಾವ ಚಿತ್ರ ಬೇಕೆಂದು ಮೊದಲು ತಿಳಿದಿತ್ತು. ಸಲಕರಣೆ ಆಮೇಲೆ ಬಂತು. ಈ ಕ್ರಮವನ್ನು ನಾನು ಬಹಳ ಗೌರವಿಸುತ್ತೇನೆ.

ಕತ್ತಲಾಗುತ್ತಿದ್ದಂತೆ ಅಟ್ಟಣೆಯಿಂದ ರೈತರೊಬ್ಬರು ಕೂಗಿದರು: “ಅಣ್ಣಾ, ಲೈಟ್ ಗೀಟ್ ಹಾಕ್ಬೇಡಿ. ಆನೆ ಬಂದ್ರೆ ಕಷ್ಟ.” ಫ್ಲ್ಯಾಶ್ ಚೀಲದಲ್ಲೇ ಉಳಿಯಿತು. ಆನೆಯ ಆಸೆಯನ್ನೂ ಬಿಟ್ಟೆ. ಲೆನ್ಸಿನ ಬಾಯಿ ಪೂರ್ತಿ ತೆರೆದು, ಮೊಣಕೈಗಳನ್ನು ಅಟ್ಟಣೆಯ ಕಂಬಕ್ಕೆ ಊರಿ, ಉಸಿರು ಹಿಡಿದು, ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಕಂಬಳಿ ಹೊದ್ದ ಅವರನ್ನೇ ತೆಗೆದೆ. ತೋರಿಸಿದಾಗ ಅವರು ತಮ್ಮ ಮುಖ ಬಿಟ್ಟು ಹಿಂದಿನ ತೆನೆಗಳನ್ನೇ ದಿಟ್ಟಿಸಿದರು.

“ಆ ಮೂಲೇಲಿ ಇನ್ನೂ ಹಸಿ ಐತೆ. ಕೊಯ್ಯಕ್ಕೆ ಎಂಟು ದಿನ ಬೇಕು,” ಅಂದರು.