ಫೋಟೊ ತೆಗೆಯೋದು ತಪ್ಪೇನ್ರಿ ಸರ್?

‘ಏ ತಮ್ಮಾ, ಯಾರ ಪರ್ಮಿಷನ್ ತಗೊಂಡಿ?’

ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಹೊರಟ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ನನಗೆ ಇದು ಮೊದಲ ಸಲ ಎದುರಾದದ್ದು ಪದವಿ ಎರಡನೇ ವರ್ಷದಲ್ಲಿ, ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಕಟ್ಟಡದ ಎದುರಿನ ರಸ್ತೆಯಲ್ಲಿ. ಹಳೆಯ ಕಲ್ಲಿನ ಕಮಾನು, ಅದರ ಮೇಲೆ ಸಾಲಾಗಿ ಕೂತ ಪಾರಿವಾಳ, ಸಂಜೆಯ ಬಿಸಿಲು. ಎರಡೇ ಫೋಟೊ ತೆಗೆದಿದ್ದೆ. ಸಮವಸ್ತ್ರದಲ್ಲಿದ್ದವರೊಬ್ಬರು ಬಂದು ಕ್ಯಾಮೆರಾಕ್ಕೆ ಕೈ ಹಾಕಿದರು. ಪಕ್ಕದಲ್ಲೇ ಮೂವರು ಮೊಬೈಲಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

‘ನೌಕರಿಗೆ ಅರ್ಜಿ ಹಾಕೀಯೇನು? ಒಂದು ಕೇಸ್ ಬಿದ್ದರ ಸಾಕು, ವೆರಿಫಿಕೇಷನ್‌ನಾಗ ಎಲ್ಲಾ ಹೋಗತೈತಿ’ ಎಂದರು. ಆಗ ನಾನು ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದೆ. ಕೈ ನಡುಗಿತು. ಅವರು ಹೇಳಿದಂತೆ ಮೆಮೊರಿ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿದೆ.

ಆ ಕಾರ್ಡಿನಲ್ಲಿ ಬೆಳಿಗ್ಗೆ ಇಳಕಲ್‌ನಲ್ಲಿ ತೆಗೆದ ಫೋಟೊಗಳೂ ಇದ್ದವು. ನಮ್ಮ ಓಣಿಯ ಅಜ್ಜಿಯೊಬ್ಬರು ಕೈಮಗ್ಗದ ಮುಂದೆ ಕೂತು ಸೀರೆಯ ಒಡಲಿನ ಹತ್ತಿ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದರು. ಇಳಕಲ್ ಸೀರೆಯ ಗುಟ್ಟೇ ಆ ಕೊಂಡಿ. ಅದು ದಿನಾ ನೋಡಸಿಗುವ ಕೆಲಸವಲ್ಲ. ‘ಒಂದು ಫೋಟೊ ನನಗೂ ಕೊಡಪಾ’ ಎಂದಿದ್ದರು. ಮರುದಿನ ಕೂಡಲಸಂಗಮಕ್ಕೆ ಹೋಗಿ ಅದೇ ಕಾರ್ಡಿನಲ್ಲಿ ಇನ್ನೂರು ಫೋಟೊ ತೆಗೆದ ಮೇಲೆ ಗೆಳೆಯನೊಬ್ಬ ಹೇಳಿದ: ಫಾರ್ಮ್ಯಾಟ್ ಆದ ಕಾರ್ಡನ್ನು ಮತ್ತೆ ಬಳಸದೆ ಇಟ್ಟರೆ ರಿಕವರಿ ಸಾಫ್ಟ್‌ವೇರ್‌ನಿಂದ ಹಳೆಯ ಫೋಟೊ ಬಹುತೇಕ ವಾಪಸ್ ಸಿಗುತ್ತವೆ. ಅಷ್ಟರಲ್ಲಿ ತಡವಾಗಿತ್ತು.

ಆಮೇಲೆ ನಿಯಮಗಳನ್ನು ಹುಡುಕಿ ಓದತೊಡಗಿದೆ. ಮೊದಲು ತಿಳಿದದ್ದೇ ತಮಾಷೆಯ ಸಂಗತಿ. ನಮ್ಮ ಭಾಗದ ಗುಡಿ-ಗುಹೆಗಳ ಮುಂದೆ ಕ್ಯಾಮೆರಾ ಹೂಡಿದ ಮೊದಲಿಗರಲ್ಲಿ ಒಬ್ಬರು ಸರ್ಕಾರಿ ನೌಕರರೇ! 1855ರಲ್ಲಿ ಮುಂಬೈ ಪ್ರಾಂತದ ಸರ್ಕಾರಿ ಛಾಯಾಗ್ರಾಹಕರಾಗಿ ನೇಮಕಗೊಂಡ ಥಾಮಸ್ ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳಲ್ಲಿ ಫೋಟೊ ತೆಗೆದರು. ಅಂದು ಸ್ಮಾರಕಗಳು ಹೇಗಿದ್ದವು ಎಂದು ಇವತ್ತು ನಮಗೆ ತೋರಿಸುವುದು ಅಂಥ ಚಿತ್ರಗಳೇ. ಅಷ್ಟು ದೂರ ಯಾಕೆ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಓಣಿಗಳನ್ನು ನನ್ನ ವಯಸ್ಸಿನವರು ನೋಡಬೇಕೆಂದರೆ ಮನೆಮನೆಯ ಆಲ್ಬಮ್‌ಗಳನ್ನೇ ತೆರೆಯಬೇಕು. ಅವನ್ನು ತೆಗೆದವರಲ್ಲಿ ಎಷ್ಟೋ ಜನ ಹವ್ಯಾಸಿಗಳೇ.

ಹಾಗಾದರೆ ನಿಯಮ ಏನು? ಎಲ್ಲ ಕಡೆಗೂ ಒಂದೇ ಇಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

ಬಾದಾಮಿ ಗುಹೆಗಳು, ಪಟ್ಟದಕಲ್ಲು, ಐಹೊಳೆಯ ದುರ್ಗ ಗುಡಿ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 2018ರ ಜುಲೈನಲ್ಲಿ ಇಲಾಖೆ ತನ್ನ ಸ್ಮಾರಕಗಳ ಆವರಣದಲ್ಲಿ ಫೋಟೊ ತೆಗೆಯಲು ಮುಕ್ತ ಅವಕಾಶ ಕೊಟ್ಟಿತು. ಹೊರಗಿಟ್ಟದ್ದು ಅಜಂತಾ ಗುಹೆ, ಲೇಹ್ ಅರಮನೆ ಮತ್ತು ತಾಜಮಹಲಿನ ಗೋರಿಯ ಭಾಗವನ್ನು ಮಾತ್ರ. ಆದರೆ ಟ್ರೈಪಾಡ್ ಹೂಡಲು, ಸಿನಿಮಾ ಚಿತ್ರೀಕರಣ ಮಾಡಲು ಅನುಮತಿ ಬೇಕೇ ಬೇಕು. ವಸ್ತುಸಂಗ್ರಹಾಲಯದ ಒಳಗೆ ಮತ್ತು ಪೂಜೆ ನಡೆಯುವ ಗುಡಿಗಳಲ್ಲಿ ಮೊದಲು ಫಲಕ ಓದಿ, ಇಲ್ಲವಾದರೆ ಕೇಳಿ. ರೈಲು ಹಳಿಯ ಮೇಲೆ ನಿಂತು ರೀಲ್ಸ್ ಮಾಡುವವರಿಗೆ ರೈಲ್ವೆ ಕಾಯ್ದೆಯ 147ನೇ ಕಲಮಿದೆ. ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಣೆಕಟ್ಟು, ಸೇನೆಯ ಜಾಗಗಳಲ್ಲಿ ನಿಷೇಧದ ಫಲಕ ಕಂಡರೆ ವಾದ ಬೇಡ.

ಇನ್ನು ‘ಸರ್ಕಾರಿ ರಹಸ್ಯ ಕಾಯ್ದೆ ಹಾಕಿಸ್ತೀನಿ’ ಎಂಬ ಬೆದರಿಕೆ. 1923ರ ಆ ಕಾಯ್ದೆಯಲ್ಲಿ ‘ನಿಷೇಧಿತ ಸ್ಥಳ’ ಯಾವುದು ಎಂಬುದಕ್ಕೆ ವ್ಯಾಖ್ಯೆ ಇದೆ. ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದವರ ಮೇಲೆ ಈ ಕಾಯ್ದೆಯಡಿ ಹಾಕಿದ್ದ ಪ್ರಕರಣವನ್ನು 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ರದ್ದು ಮಾಡಿತು. ಠಾಣೆಯು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು.

ಫೋಟೊ ಅಳಿಸುವ ವಿಷಯವೂ ಹಾಗೆಯೇ. ಅಪರಾಧದ ಅನುಮಾನ ಇದ್ದರೆ ಪೊಲೀಸರು ವಸ್ತುವನ್ನು ವಶಪಡಿಸಿಕೊಳ್ಳಬಹುದು, ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮು ಹೇಳುವುದು ಇದನ್ನು. ಫೋಟೊ ನಿಜವಾಗಿ ತಪ್ಪಾಗಿದ್ದರೆ ಅದು ಸಾಕ್ಷ್ಯ. ಸಾಕ್ಷ್ಯವನ್ನು ಯಾರಾದರೂ ಅಳಿಸಿಹಾಕು ಎನ್ನುತ್ತಾರೆಯೇ?

ಇಷ್ಟೆಲ್ಲ ಓದಿದ ಮೇಲೆ ಎದೆಯುಬ್ಬಿಸಿ ಓಡಾಡಿದೆ. ಆದರೆ ಹಳೆಯ ಫೋಟೊಗಳನ್ನು ನೋಡುತ್ತಾ ಕೂತಾಗ ನನ್ನ ತಪ್ಪೂ ಕಂಡಿತು. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಹತ್ತಾರು ಫೋಟೊ ನನ್ನಲ್ಲಿದ್ದವು. ಒಬ್ಬರನ್ನೂ ಕೇಳಿರಲಿಲ್ಲ. ಕಲ್ಲಿನ ಕಮಾನಿನ ಪರವಾಗಿ ನನ್ನನ್ನು ತಡೆದವರಿದ್ದರು, ಅವರ ಪರವಾಗಿ ತಡೆಯುವವರು ಯಾರೂ ಇರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ನದಿಯಲ್ಲಿ ಮೀಯುವವರು, ಗುಡಿಯಲ್ಲಿ ಅಳುತ್ತಾ ಕೈಮುಗಿದವರು ನಮ್ಮ ‘ಕ್ಯಾಂಡಿಡ್’ಗೆ ಸರಕಲ್ಲ. ಆ ಫೋಟೊಗಳನ್ನು ನಾನೇ ಅಳಿಸಿದೆ. ಈ ಸಲ ಯಾರೂ ಹೆದರಿಸಿರಲಿಲ್ಲ.

ಈಗ ತಡೆದರೆ ಜಗಳ ತೆಗೆಯುವುದಿಲ್ಲ. ಕ್ಯಾಮೆರಾ ಕೆಳಗಿಳಿಸಿ, ಕಾಲೇಜಿನ ಐಡಿ ಕಾರ್ಡ್ ತೋರಿಸಿ, ‘ಯಾವ ನಿಯಮ ಅದ ರೀ ಸರ್? ಬರೆದದ್ದಿದ್ದರ ತೋರಿಸ್ರಿ’ ಎನ್ನುತ್ತೇನೆ. ಒಮ್ಮೆ ಟ್ರೈಪಾಡ್ ತೆಗೆದಾಗ ಕಾವಲುಗಾರರೊಬ್ಬರು ಓಡಿ ಬಂದರು. ‘ಫೋಟೊ ತಗೋ ತಮ್ಮಾ, ಆ ಕಾಲು ಮಾತ್ರ ಮಡಚು. ಮ್ಯಾಲಿನವರು ಕೇಳಿದರ ನಾ ಏನ್ ಹೇಳಲಿ? ಗುತ್ತಿಗಿ ನೌಕರಿ ನಂದು’ ಎಂದರು. ನೌಕರಿ ಸಿಗದ ಭಯ ನನಗೆ, ಇದ್ದ ನೌಕರಿ ಹೋಗುವ ಭಯ ಅವರಿಗೆ. ಕಾಲು ಮಡಚಿದೆ. ಬಿಸಿಲು ಯಾವ ಕಂಬದ ಮೇಲೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಆಮೇಲೆ ಅವರೇ ತೋರಿಸಿದರು. ಪ್ರವೇಶದ್ವಾರದಲ್ಲೇ ‘ಇದಕ್ಕೆ ಅವಕಾಶ ಇದೆ, ಇದಕ್ಕೆ ಇಲ್ಲ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದುಬಿಟ್ಟರೆ ಅವರಿಗೂ ನಮಗೂ ಎಷ್ಟು ಸಲೀಸು!

ಇಳಕಲ್ ಅಜ್ಜಿಗೆ ಮುಖ ತೋರಿಸಲು ನನಗೆ ತಿಂಗಳು ಹಿಡಿಯಿತು. ‘ಏನಪಾ, ಫೋಟೊ ಎಲ್ಲಿ?’ ಎಂದರು. ನಡೆದದ್ದು ಹೇಳಿದೆ. ‘ನಾ ಏನ್ ಸರ್ಕಾರಿ ಕಟ್ಟಡ ಏನೋ ತಮ್ಮಾ, ನನ್ನ ಅಳಸಾಕ?’ ಎಂದು ನಕ್ಕರು. ನಾನು ನಗಲಿಲ್ಲ. ಮುಂದಿನ ಸಲ ಕೊಂಡಿ ಹಾಕುವ ದಿನ ಅವರೇ ಹೇಳಿಕಳಿಸಿದರು. ಈ ಬಾರಿ ಕ್ಯಾಮೆರಾಕ್ಕೆ ಹೊಸ ಕಾರ್ಡ್ ಹಾಕಿದ್ದೆ. ಮೊದಲ ಪ್ರಿಂಟ್ ಅವರ ಕೈಗಿಟ್ಟ ಮೇಲೆಯೇ ಉಳಿದವರಿಗೆ ತೋರಿಸಿದೆ.